ಮೂರು ಹರಳಿನ ದಪ್ಪದ ಪಟ್ಟಿ

ತುಮಕೂರಿನ ಹೊರಗೆ, ವಸಂತನರಸಾಪುರದಲ್ಲಿ ಲೋಹದ ತಗಡನ್ನು ಒತ್ತಿ ಭಾಗಗಳನ್ನು ಮಾಡುವ ಒಂದು ಪ್ರೆಸ್ ಶಾಪಿನಲ್ಲಿ ಕೆಲವು ವರ್ಷಗಳ ಹಿಂದೆ ನನ್ನ ಲೆಕ್ಕ ತಪ್ಪಿತು. ವಿದ್ಯುತ್ ತಂತಿಗಳನ್ನು ಜೋಡಿಸುವ ಕನೆಕ್ಟರ್ ಒಳಗೆ ಕೂರುವ ಹಿತ್ತಾಳೆಯ ಪುಟ್ಟ ಕಾಂಟ್ಯಾಕ್ಟ್ ಅದು. 0.1 ಮಿಲಿಮೀಟರ್ ದಪ್ಪದ ಪಟ್ಟಿಯನ್ನು 90 ಡಿಗ್ರಿಗೆ ಬಗ್ಗಿಸಬೇಕಿತ್ತು. ಬಗ್ಗಿಸಿ ಬಿಟ್ಟ ಲೋಹ ಒಂದಿಷ್ಟು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನೇ ಸ್ಪ್ರಿಂಗ್‌ಬ್ಯಾಕ್ ಎನ್ನುತ್ತೇವೆ. ಅದು ಎಷ್ಟೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಪಟ್ಟಿಯನ್ನು ಬಗ್ಗಿಸುವ ಅಚ್ಚಿನ, ಅಂದರೆ ಡೈಯ, ಕೋನವನ್ನು ಹೇಳಿದ್ದವನು ನಾನು. ಟ್ರೇಗೆ ಬಿದ್ದ ತುಣುಕುಗಳನ್ನು ಅಳೆದರೆ ಒಂದು 89, ಇನ್ನೊಂದು 93, ಮತ್ತೊಂದು 91. ನಾನು ಬಳಸಿದ್ದ ಪರೀಕ್ಷಾ ಅಂಕಿಗಳು 2 ಮಿಲಿಮೀಟರ್ ತಗಡಿನವು. ಅದೇ ಹಿತ್ತಾಳೆ, ಅದೇ ಮಿಶ್ರಣ. ದಪ್ಪ ಬದಲಾದ ಮಾತ್ರಕ್ಕೆ ಲೋಹದ ಗುಣ ಬದಲಾಗದು ಎಂದು ನಂಬಿದ್ದೆ.

ಟೂಲ್ ರೂಮಿನ ಹಿರಿಯ ಮೇಸ್ತ್ರಿ ಹಿಂದೆ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಕೂದಲೆಳೆಯಂಥ ಭಾಗಗಳನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ನೋಡಿದ ಅನುಭವ ಅವರದು. ಅವರು ಹೇಳಿದರು: “ತೆಳು ಪಟ್ಟಿಗೆ ಅದರದೇ ಸ್ವಭಾವ ಇರುತ್ತದೆ ಸರ್. ದಪ್ಪ ತಗಡನ್ನು ಕೇಳಿ ತೆಳು ಪಟ್ಟಿಯನ್ನು ಬಗ್ಗಿಸಲು ಆಗುವುದಿಲ್ಲ.”

ಅವರ ಮಾತು ನನ್ನ ಸೂತ್ರದ ದೋಷವನ್ನೇ ಹೇಳುತ್ತಿತ್ತು. ಲೋಹ ಮರಳದಂತೆ ಬಾಗುವುದನ್ನು ಲೆಕ್ಕ ಹಾಕುವ ವಾಡಿಕೆಯ ಪ್ಲಾಸ್ಟಿಸಿಟಿ ಸೂತ್ರಗಳಲ್ಲಿ ಉದ್ದದ ಅಳತೆಯೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರಿಂದ ನಾನು ಇದನ್ನು ಮಾಡಿಸಿಯೇ ತೋರಿಸುತ್ತೇನೆ: ಪಟ್ಟಿ, ಪಂಚ್, ಡೈ ಎಲ್ಲದರ ಅಳತೆಯನ್ನೂ ಸಾವಿರದಿಂದ ಭಾಗಿಸಿ ಅದೇ ಲೆಕ್ಕವನ್ನು ಮತ್ತೆ ಓಡಿಸಿ ಎನ್ನುತ್ತೇನೆ. ಬರುವ ಕೋನ ಅದೇ. ಅಂಗೈಯಗಲದ ತಗಡೂ ಧೂಳಿನ ಕಣದಷ್ಟು ತಗಡೂ ಆ ಸೂತ್ರಕ್ಕೆ ಒಂದೇ. ನಿಜವಾದ ಲೋಹ ಹಾಗಿಲ್ಲ, ಏಕೆಂದರೆ ಅದರ ಒಳಗೆ ಅದರದೇ ಅಳತೆಗೋಲುಗಳಿವೆ.

ಮೊದಲನೆಯದು ಹರಳು. ಲೋಹವೆಂದರೆ ಒತ್ತೊತ್ತಾಗಿ ಕೂಡಿಕೊಂಡ ಪುಟ್ಟ ಹರಳುಗಳ ರಾಶಿ. ಆ ಪಟ್ಟಿಯ ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿ, ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಫೆರಿಕ್ ಕ್ಲೋರೈಡ್ ದ್ರಾವಣ ತಾಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದೊಂದು ಹರಳೂ ಸುಮಾರು 35 ಮೈಕ್ರಾನ್; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅಂದರೆ ಪಟ್ಟಿಯ ದಪ್ಪದುದ್ದಕ್ಕೆ ಇದ್ದದ್ದು ಮೂರೇ ಮೂರು ಹರಳು! ಪ್ರತಿಯೊಂದರಲ್ಲೂ ಪರಮಾಣುಗಳ ಸಾಲು ಬೇರೆ ಬೇರೆ ದಿಕ್ಕಿಗೆ ಓರೆಯಾಗಿರುತ್ತದೆ. ಒಂದು ದಿಕ್ಕಿನದು ಸುಲಭವಾಗಿ ಜಾರುತ್ತದೆ, ಇನ್ನೊಂದು ಹಟ ಹಿಡಿಯುತ್ತದೆ. ಪಾವಗಡದ ಕಡಲೆಕಾಯಿಯನ್ನು ಮೂಟೆಗಟ್ಟಲೆ ತೂಗಿದರೆ ಕಾಯಿಯೊಂದರ ಸರಾಸರಿ ತೂಕ ನಂಬುವಂತೆ ಸಿಗುತ್ತದೆ. ಮೂರು ಕಾಯಿ ಹೆಕ್ಕಿ ತೂಗಿದರೆ ಒಮ್ಮೆ ಜಳ್ಳು, ಒಮ್ಮೆ ಗಟ್ಟಿ. 2 ಮಿಲಿಮೀಟರ್ ತಗಡು ಮೂಟೆ. ನನ್ನ ಪಟ್ಟಿ ಮೂರು ಕಾಯಿ.

ಎರಡನೆಯ ಅಳತೆಗೋಲು ಇನ್ನೂ ಒಳಗಿನದು. ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಒಮ್ಮೆಲೇ ಜಾರಬೇಕೆಂದರೆ ಅಪಾರ ಬಲ ಬೇಕು. ಶುದ್ಧ ಲೋಹ ಅದರ ನೂರನೆಯ, ಕೆಲವೊಮ್ಮೆ ಸಾವಿರದ ಒಂದು ಪಾಲಿಗೇ ಬಾಗುತ್ತದೆ. ಏಕೆಂದು 1934ರಲ್ಲಿ ವಿಜ್ಞಾನಿಗಳಾದ ಟೇಲರ್, ಒರೊವಾನ್ ಮತ್ತು ಪೊಲಾನಿ ಬೇರೆ ಬೇರೆಯಾಗಿಯೇ ಕಂಡುಕೊಂಡರು. ಸಾಲು ತಪ್ಪಿದ ಗೆರೆಗಳು, ಅಂದರೆ ಡಿಸ್‌ಲೊಕೇಶನ್‌ಗಳು, ಹರಳಿನೊಳಗೆ ಹರಿದಾಡಿ ಜಾರುವಿಕೆಯನ್ನು ಹಂತ ಹಂತವಾಗಿ ಮುಗಿಸುತ್ತವೆ. ಕಲ್ಯಾಣಮಂಟಪದ ದೊಡ್ಡ ಜಮಖಾನವನ್ನು ಎಳೆದರೆ ಜಗ್ಗದು. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ತಳ್ಳಿದರೆ ಸರಿಯುತ್ತದೆ. ಗೆರೆಗಳು ಮಿತಿಮೀರಿ ಒಂದನ್ನೊಂದು ತಡೆದಾಗ ಲೋಹ ಗಡುಸಾಗುತ್ತದೆ.

ಬಾಗಿದ ಲೋಹ ಬಾಗಿದ ಆಕಾರದಲ್ಲೇ ಉಳಿಯಲು ಇಷ್ಟು ಗೆರೆಗಳು ಇರಲೇಬೇಕು ಎಂಬ ಲೆಕ್ಕವಿದೆ. ತಾಮ್ರದಲ್ಲಿ ಒಂದು ಗೆರೆಯ ಜಾರುವಿಕೆ 0.256 ನ್ಯಾನೊಮೀಟರ್. 10 ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದರೆ ಚದರ ಮಿಲಿಮೀಟರಿಗೆ ಸುಮಾರು 4 ಲಕ್ಷ ಗೆರೆ ಬೇಕು. ಕಾಯಿಸಿ ಮೆದುಮಾಡಿದ ತಾಮ್ರದಲ್ಲಿ ಹೆಚ್ಚುಕಡಿಮೆ ಅಷ್ಟು ಮೊದಲೇ ಇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ತ್ರಿಜ್ಯ 0.1 ಮಿಲಿಮೀಟರ್ ಆದರೆ 4 ಕೋಟಿ, 10 ಮೈಕ್ರಾನ್ ಆದರೆ 40 ಕೋಟಿ. ಆಕಾರವೇ ಹೇರಿದ ಈ ಹೊರೆ ಲೋಹವನ್ನು ಗಡುಸುಮಾಡುತ್ತದೆ. 1994ರಲ್ಲಿ ಫ್ಲೆಕ್ ಮತ್ತು ಸಂಗಡಿಗರು 12ರಿಂದ 170 ಮೈಕ್ರಾನ್ ದಪ್ಪದ ತಾಮ್ರದ ತಂತಿಗಳನ್ನು ತಿರುಚಿ ನೋಡಿದಾಗ, ಗಾತ್ರದ ಲೆಕ್ಕವನ್ನು ಕಳೆದ ಮೇಲೂ ಅತಿ ತೆಳು ತಂತಿ ಸುಮಾರು ಮೂರು ಪಟ್ಟು ಬಲವಾಗಿತ್ತು. ಅವನ್ನೇ ನೇರವಾಗಿ ಎಳೆದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಎಳೆತದಲ್ಲಿ ವಿರೂಪ, ಅಂದರೆ ಆಕಾರದ ಬದಲಾವಣೆ, ಎಲ್ಲೆಡೆ ಸಮ. ತಿರುಚಿದಾಗ ನಡುವಿನಿಂದ ಅಂಚಿಗೆ ಏರುತ್ತಾ ಹೋಗುತ್ತದೆ, ಆ ಏರಿಕೆಗೇ ಹೆಚ್ಚುವರಿ ಗೆರೆಗಳು ಬೇಕಾಗುತ್ತವೆ.

ಹಾಗಾದರೆ ಯಾವ ಲೆಕ್ಕ ಹಾಕಬೇಕು? ಪರಮಾಣು ಪರಮಾಣುವನ್ನೂ ಹಿಡಿಯುವ ಲೆಕ್ಕ ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಮುಗಿಸುವಷ್ಟರಲ್ಲೇ ಏದುಸಿರು ಬಿಡುತ್ತದೆ. ಪ್ರೆಸ್ಸಿನ ಹೊಡೆತ ಅದಕ್ಕೆ ಯುಗಾಂತರ. ಗೆರೆಗಳನ್ನಷ್ಟೇ ಹಿಂಬಾಲಿಸುವ ಲೆಕ್ಕ ಕೆಲವು ಮೈಕ್ರಾನಿನ ತುಂಡಿಗೆ ಚೆನ್ನ. ವಿರೂಪದ ಏರಿಳಿತವನ್ನೂ ಸೂತ್ರಕ್ಕೆ ಸೇರಿಸುವ ದಾರಿಯಲ್ಲಿ ಒಂದು ಆಂತರಿಕ ಉದ್ದವನ್ನು ಕೊಡಬೇಕಾಗುತ್ತದೆ. ಉತ್ತರ ಹೊಂದುವವರೆಗೆ ಆ ಉದ್ದವನ್ನು ತಿರುಪಿನಂತೆ ತಿರುಗಿಸುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಒಂದು ಪ್ರಯೋಗದಿಂದ ಅಳೆದು, ಇನ್ನೊಂದು ಪ್ರಯೋಗವನ್ನು ಮೊದಲೇ ಹೇಳಲು ಬಂದರೆ ಮಾತ್ರ ಅದು ಲೋಹದ ಗುಣ.

ನಮ್ಮ ಪಟ್ಟಿಯಲ್ಲಿ ಹೆಚ್ಚು ಕಾಡಿದ್ದು ಮೂರು ಹರಳಿನ ಸಂಗತಿ. ಹಾಗಾಗಿ ಪ್ರತಿ ಹರಳಿನ ಆಕಾರವನ್ನೂ ದಿಕ್ಕನ್ನೂ ಇಟ್ಟು ಕ್ರಿಸ್ಟಲ್ ಪ್ಲಾಸ್ಟಿಸಿಟಿ ಲೆಕ್ಕ ಹಾಕಿದೆ. ದಿಕ್ಕುಗಳನ್ನು ಬದಲಿಸುತ್ತಾ ಮೂವತ್ತು ಸಲ ಓಡಿಸಿದಾಗ ಟ್ರೇಯಲ್ಲಿ ಕಂಡ ಚೆದುರುವಿಕೆಯೇ ಪರದೆಯ ಮೇಲೂ ಬಂತು. ಆಗ ಮಾಲೀಕರಿಗೆ ಒಂದು ಕೋನ ಹೇಳುವ ಬದಲು ವ್ಯಾಪ್ತಿಯನ್ನು ಹೇಳಿದೆ. ಜೊತೆಗೆ 10 ಮೈಕ್ರಾನ್ ಹರಳಿನ ಪಟ್ಟಿಯನ್ನು ತರಿಸಲು ಕೇಳಿಕೊಂಡೆ. ಸಣ್ಣ ಹರಳಿನ ಹಿತ್ತಾಳೆ ಹೆಚ್ಚು ಗಡುಸು, ಸ್ಪ್ರಿಂಗ್‌ಬ್ಯಾಕ್ ಕೂಡ ಹೆಚ್ಚಾಯಿತು. ಆದರೆ ಎಲ್ಲ ತುಣುಕುಗಳಲ್ಲೂ ಒಂದೇ ಸಮನಾಗಿ ಹೆಚ್ಚಾಯಿತು. ಒಂದೇ ಸಮನಾದದ್ದನ್ನು ಡೈಯಲ್ಲಿ ತಿದ್ದಬಹುದು.

ಮೇಸ್ತ್ರಿಯವರು ಈಗಲೂ ಹೊಸ ಕಾಯಿಲ್ ಬಿಚ್ಚಿದಾಗ ಬೆರಳುದ್ದದ ತುಂಡನ್ನು ಕತ್ತರಿಸಿ, ಕೈಯಲ್ಲಿ ಬಗ್ಗಿಸಿ ನೋಡಿಯೇ ಪ್ರೆಸ್ಸಿಗೆ ಹಾಕುತ್ತಾರೆ. ಆ ತುಂಡನ್ನು ಮೊದಲು ಕಸಕ್ಕೆ ಎಸೆಯುತ್ತಿದ್ದರು. ಈಗ ಕಾಯಿಲ್ ಸಂಖ್ಯೆ ಬರೆದ ಲಕೋಟೆಯಲ್ಲಿ ನನಗಾಗಿ ತೆಗೆದಿಡುತ್ತಾರೆ.