ಕನ್ನಡ ಮಾಧ್ಯಮದಲ್ಲಿ ಓದಿದವರು ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ತೆಗೆದುಕೊಳ್ಳಬಹುದೇ?

ಪ್ರಶ್ನೆ: ನಮ್ಮೂರು ಮಂಡ್ಯದ ಹತ್ತಿರ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ದ್ವಿತೀಯ ಪಿಯುಸಿ ಕಲಾ ವಿಭಾಗ ಮುಗಿದಿದೆ. ಕಥೆ, ಕವಿತೆ ಓದುವ ಹುಚ್ಚು ಮೊದಲಿಂದಲೂ ಇದೆ. ಮೈಸೂರಿಗೆ ಓಡಾಡಿಕೊಂಡು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಬೇಕೆಂಬ ಆಸೆ. ಮನೆಯಲ್ಲಿ, ‘ನೆಟ್ಟಗೆ ಇಂಗ್ಲಿಷ್ ಮಾತಾಡೋಕೇ ಬರಲ್ಲ, ಸಾಹಿತ್ಯ ಓದ್ತಾಳಂತೆ. ಓದಿದ್ರೂ ಕೆಲಸ ಎಲ್ಲಿ?’ ಅಂತಾರೆ. ತೆಗೆದುಕೊಳ್ಳಲೇ, ಬೇಡವೇ?

ಉತ್ತರ: ಅರ್ಜಿ ಹಾಕಲು ಇನ್ನೂ ಮೂರು ವಾರ ಕೈಯಲ್ಲಿದ್ದರೆ, ಈ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳಬಹುದು. ಅದು ಹೇಗೆಂದು ಹೇಳುತ್ತೇವೆ. ಅದಕ್ಕೆ ಮೊದಲು ಮನೆಯವರ ಮಾತಿನಲ್ಲಿರುವ ಒಂದು ಗಂಟು ಬಿಡಿಸಬೇಕು.

ಬಿ.ಎ.ಯಲ್ಲಿ ಇಂಗ್ಲಿಷ್ ಎರಡು ಬಗೆಯಲ್ಲಿ ಬರುತ್ತದೆ. ಒಂದು ಭಾಷಾ ವಿಷಯ. ಕನ್ನಡದ ಜೊತೆಗೆ ಬಹುತೇಕ ಎಲ್ಲರೂ ಓದುವಂಥದ್ದು: ಕೆಲವು ಪಾಠ, ವ್ಯಾಕರಣ, ಪತ್ರಲೇಖನ. ಇನ್ನೊಂದು ಐಚ್ಛಿಕ ಇಂಗ್ಲಿಷ್. ಇತಿಹಾಸ, ರಾಜ್ಯಶಾಸ್ತ್ರಗಳ ಹಾಗೆ ಆರಿಸಿಕೊಂಡು ಓದುವ ಮುಖ್ಯ ವಿಷಯ ಇದು. ‘ಇಂಗ್ಲಿಷ್ ಲಿಟರೇಚರ್’ ಎಂದು ಜನ ಹೇಳುವುದು ಇದನ್ನೇ. ಸ್ಪೋಕನ್ ಇಂಗ್ಲಿಷ್ ಚೆನ್ನಾಗಿ ಬರಲಿ ಎಂದು ಐಚ್ಛಿಕ ಇಂಗ್ಲಿಷ್ ತೆಗೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ, ಮೊದಲ ಸೆಮಿಸ್ಟರಿನಲ್ಲೇ ಸೋತುಹೋಗುತ್ತಾರೆ. ನಾಲ್ಕು ನೂರು ವರ್ಷ ಹಳೆಯ ನಾಟಕದ ಭಾಷೆಯಿಂದ ಸಂದರ್ಶನದಲ್ಲಿ ಮಾತಾಡುವ ಇಂಗ್ಲಿಷ್ ಬರುವುದಿಲ್ಲ. ಮಾತು ಕಲಿಯುವುದಷ್ಟೇ ಗುರಿಯಾದರೆ ಬೇರೆ ಐಚ್ಛಿಕ ವಿಷಯ ಓದಿ, ಮಾತನ್ನು ಪ್ರತ್ಯೇಕವಾಗಿ ಕಲಿಯಿರಿ. ಇದನ್ನು ತಿರುಗಿಸಿದರೂ ನಿಜವೇ: ಮಾತಾಡಲು ತಡವರಿಸುವ ಹುಡುಗಿ ಸಾಹಿತ್ಯವನ್ನು ಬಹಳ ಚೆನ್ನಾಗಿ ಓದಬಲ್ಲಳು. ಈ ವಿಷಯಕ್ಕೆ ಬೇಕಾದದ್ದು ಒಂದೇ ಪುಟವನ್ನು ಮೂರು ಸಲ ಓದುವ ತಾಳ್ಮೆ, ಓದಿದ್ದನ್ನು ಬರೆದು ತೋರಿಸುವ ಅಭ್ಯಾಸ.

ಇನ್ನು ಮೂರು ವಾರದ ಪರೀಕ್ಷೆ.

ಮೊದಲ ವಾರ ಪದ ಎಣಿಸಿ. ಆಂಗ್ಲ ಕಾದಂಬರಿಯೊಂದರ ಮಧ್ಯದಿಂದ ಸುಮಾರು ನೂರು ಪದಗಳ ಪ್ಯಾರಾ ಆರಿಸಿ. ಅರ್ಥ ಗೊತ್ತಿಲ್ಲದ ಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಹೀಗೆ ಬೇರೆ ಬೇರೆ ಕಡೆಯಿಂದ ಐದು ಪ್ಯಾರಾ ನೋಡಿ ಸರಾಸರಿ ತೆಗೆಯಿರಿ. ನೂರಕ್ಕೆ ಎರಡು ಮೂರು ಪದ ಸಿಕ್ಕಿದರೆ ನಿಘಂಟಿಲ್ಲದೆಯೂ ಕಥೆ ಸಾಗುತ್ತದೆ. ಐದಾರು ಸಿಕ್ಕಿದರೆ ನಿಧಾನವಾಗುತ್ತದೆ, ಆದರೆ ಆಗುತ್ತದೆ. ಹತ್ತು ದಾಟಿದರೆ ಕಾದಂಬರಿಯನ್ನು ಬದಿಗಿಟ್ಟು ಸರಳ ಇಂಗ್ಲಿಷಿನ ಸಣ್ಣಕಥೆಗಳಿಂದ ಶುರುಮಾಡಬೇಕು. ಮೈಸೂರಿನಲ್ಲೇ ಓದಿ, ಇಲ್ಲಿಯೇ ಬಾಳಿದ ಆರ್.ಕೆ. ನಾರಾಯಣ್ ಅವರ ಕಥೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ವಾಕ್ಯ ಚಿಕ್ಕದು, ಪದ ಪರಿಚಿತ, ಕಣ್ಣಮುಂದೆ ಬರುವ ಬೀದಿ ನಮ್ಮದೇ ಊರಿನ ಬೀದಿಯಂತಿರುತ್ತದೆ. ಹತ್ತು ದಾಟಿತೆಂದು ಐಚ್ಛಿಕ ಇಂಗ್ಲಿಷ್ ಕೈಬಿಡಬೇಕಿಲ್ಲ. ಕಾಲೇಜು ಶುರುವಾಗುವ ಮೊದಲೇ ದಿನಕ್ಕೊಂದು ಗಂಟೆಯ ದುಡಿಮೆ ಆರಂಭಿಸಬೇಕು ಎಂದಷ್ಟೇ ಅದರ ಅರ್ಥ.

ಎರಡನೆಯ ವಾರ ವೇಗ ಅಳೆಯಿರಿ. ನಿಮಿಷಕ್ಕೆ ಎಷ್ಟು ಪದ ಓದುತ್ತೀರಿ? ನೂರು ಎಂದಿಟ್ಟುಕೊಳ್ಳೋಣ, ಎರಡನೆಯ ಭಾಷೆಯಲ್ಲಿ ಆರಂಭದ ಓದುಗರಿಗೆ ಇದು ಅವಮಾನದ ವೇಗವೇನಲ್ಲ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಸುಮಾರು 17,000 ಪದಗಳ ನಾಟಕ, ಅವನ ದುರಂತ ನಾಟಕಗಳಲ್ಲೇ ಚಿಕ್ಕದು. ಮೊದಲ ಓದಿಗೆ ಮೂರು ಗಂಟೆ. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಸುಮಾರು 1,20,000 ಪದ. ಅಂದರೆ ಇಪ್ಪತ್ತು ಗಂಟೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಸಿಕ್ಕಿದರೂ ವಾರದ ಐದು ದಿನಕ್ಕೆ ಏಳೂವರೆ ಗಂಟೆಯಾಯಿತು. ಅಷ್ಟು ದೊಡ್ಡ ಕಾದಂಬರಿಯೂ ಮೂರು ವಾರದೊಳಗೆ ಮುಗಿಯುತ್ತದೆ, ಮನೆಯಲ್ಲಿ ಪುಸ್ತಕ ತೆರೆಯದೆಯೇ. ಸೀಟು ಸಿಗದ ದಿನ ನಿಂತು ಓದಲು ಕಾದಂಬರಿಗಿಂತ ಕವಿತೆ ಅನುಕೂಲ: ಸಾನೆಟ್ ಆದರೆ ಹದಿನಾಲ್ಕೇ ಸಾಲು, ಒಂದೇ ಹಾಳೆ, ಮಡಿಸಿ ಜೇಬಿಗೆ ಹಾಕಬಹುದು.

ಖರ್ಚಿನ ಮಾತೂ ಇಲ್ಲೇ ಆಗಲಿ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತದೆ. ಶೇಕ್ಸ್‌ಪಿಯರ್, ಕೀಟ್ಸ್, ಡಿಕನ್ಸ್, ಹಾರ್ಡಿ ಇವರೆಲ್ಲರ ಮೂಲಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಾಟಕಕ್ಕೆ ಮಾತ್ರ ಅಡಿಟಿಪ್ಪಣಿ ಇರುವ ಮುದ್ರಿತ ಪ್ರತಿಯನ್ನೇ ಕೊಳ್ಳಿ ಅಥವಾ ಲೈಬ್ರರಿಯಿಂದ ತನ್ನಿ. ಹಳೆಯ ಪದಕ್ಕೆ ಇವತ್ತಿನ ಅರ್ಥ ಹಚ್ಚಿ ಮೋಸಹೋಗುವುದು ಅಲ್ಲೇ ಹೆಚ್ಚು.

ಮೂರನೆಯ ವಾರದ್ದು ನಿಜವಾದ ಪರೀಕ್ಷೆ. ‘ಕರುಣಾಳು ಬಾ ಬೆಳಕೆ’ ನಿಮಗೆ ಬಾಯಿಪಾಠವೇ ಇರಬಹುದು. ಅದನ್ನು ಕನ್ನಡಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯನವರು ನಿಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಮೂಲ ಪದ್ಯ ‘ಲೀಡ್, ಕೈಂಡ್ಲಿ ಲೈಟ್’ ಬರೆದದ್ದು ಜಾನ್ ಹೆನ್ರಿ ನ್ಯೂಮನ್, 1833ರಲ್ಲಿ, ಗಾಳಿಯಿಲ್ಲದೆ ಸಮುದ್ರದ ನಡುವೆ ನಿಂತುಹೋದ ಹಡಗಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ.

ಇಂಗ್ಲಿಷ್ ಪದ್ಯ ‘ಲೀಡ್’ ಎಂಬ ಕ್ರಿಯಾಪದದಿಂದ, ನಡೆಸು ಎಂಬ ಮೊರೆಯಿಂದ ಶುರುವಾಗುತ್ತದೆ. ಕನ್ನಡದ್ದು ‘ಕರುಣಾಳು’ ಎಂದು ಕೂಗಿ ಕರೆಯುವುದರಿಂದ ಶುರುವಾಗುತ್ತದೆ. ಮೂಲದಲ್ಲಿ ಬೆಳಕನ್ನು ‘ಬಾ’ ಎಂದು ಎಲ್ಲೂ ಕರೆದಿಲ್ಲ, ಶ್ರೀಯವರು ಕರೆದಿದ್ದಾರೆ. ಅಲ್ಲಿ ಕತ್ತಲು ಸುತ್ತುವರಿದಿದೆ, ಇಲ್ಲಿ ‘ಮುಸುಕಿದೀ ಮಬ್ಬಿನಲಿ’. ಅಲ್ಲಿ ಆ ಸಾಲಿನಲ್ಲಿ ಕೈಯೇ ಇಲ್ಲ, ಇಲ್ಲಿ ‘ಕೈಹಿಡಿದು ನಡೆಸೆನ್ನನು’. ಈ ನಾಲ್ಕು ವ್ಯತ್ಯಾಸಗಳಿಂದ ಪದ್ಯದಲ್ಲಿ ಏನು ಬದಲಾಯಿತು? ಬೆಳಕು ದೂರದ ದಾರಿದೀಪವಾಗಿದೆಯೇ, ಪಕ್ಕದಲ್ಲಿ ಬಂದು ನಿಂತ ಮನುಷ್ಯರ ಹಾಗಿದೆಯೇ? ಒಂದು ಪುಟ ಬರೆಯಿರಿ. ಯಾವ ಭಾಷೆಯಲ್ಲಿ ಬರೆದರೂ ಆದೀತು. ಬರೆಯುತ್ತ ಬರೆಯುತ್ತ ಐದನೆಯ, ಆರನೆಯ ವ್ಯತ್ಯಾಸ ತಾನಾಗಿ ಕಣ್ಣಿಗೆ ಬಿದ್ದು, ರಾತ್ರಿ ಊಟಕ್ಕೆ ಕರೆದರೂ ಏಳಲು ಮನಸ್ಸಾಗದಿದ್ದರೆ, ಈ ವಿಷಯ ನಿಮ್ಮದು. ಎರಡು ಪದ್ಯವೂ ಚೆನ್ನಾಗಿದೆ ಎಂಬಲ್ಲಿಗೆ ಮಾತು ನಿಂತು, ಮುಂದೆ ಹೋಗಲು ಬೇಸರವಾದರೆ, ಮೂರು ವರ್ಷ ಇದೇ ಕೆಲಸ ಮಾಡುವುದು ಕಷ್ಟ. ಅಂಥ ಬೇಸರದಲ್ಲಿ ತಪ್ಪೇನೂ ಇಲ್ಲ. ಅರ್ಥಶಾಸ್ತ್ರ, ಇತಿಹಾಸಗಳಿಗೂ ಒಳ್ಳೆಯ ವಿದ್ಯಾರ್ಥಿಗಳು ಬೇಕು.

ಕನ್ನಡ ಮಾಧ್ಯಮದವರು ಹಿಂದೆ ಬೀಳುತ್ತಾರೆಂಬ ಹೆದರಿಕೆ ಎಲ್ಲೆಲ್ಲೂ ಇದೆ. ಆದರೆ ಅವರಿಗೆ ಒಂದು ಬಂಡವಾಳ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಪ್ರಸ್ತಾರ ಮಾಡಿದ್ದೀರಿ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಕೊನೆಯ ಗುರು ಸೇರಿ 23. ಪದ್ಯಕ್ಕೊಂದು ಎಲುಬಿನ ಗೂಡು ಇರುತ್ತದೆ, ಅದನ್ನು ಎಣಿಸಬಹುದು ಎಂಬುದು ನಿಮಗೆ ಆಗಲೇ ಗೊತ್ತು. ಕಾನ್ವೆಂಟಿನಲ್ಲಿ ಓದಿ ಸರಾಗವಾಗಿ ಇಂಗ್ಲಿಷ್ ಮಾತಾಡುವ ಎಷ್ಟೋ ಮಕ್ಕಳಿಗೆ ಇದು ಪದವಿಯಲ್ಲೇ ಮೊದಲ ಸಲ ಎದುರಾಗುತ್ತದೆ.

ಎಡವುವುದು ಇಲ್ಲಿ: ಇಂಗ್ಲಿಷ್ ಛಂದಸ್ಸು ಮಾತ್ರೆಯನ್ನು ಎಣಿಸುವುದಿಲ್ಲ, ಒತ್ತನ್ನು ಎಣಿಸುತ್ತದೆ. ಹಾಜರಿ ಕೂಗಿದಾಗ ‘ಪ್ರೆಸೆಂಟ್’ ಎನ್ನುತ್ತೇವಲ್ಲ, ಅಲ್ಲಿ ಒತ್ತು ಮೊದಲ ಭಾಗಕ್ಕೆ. ಅದೇ ಸ್ಪೆಲ್ಲಿಂಗ್ ‘ಮುಂದಿಡು, ಒಪ್ಪಿಸು’ ಎಂಬ ಕ್ರಿಯಾಪದವಾದಾಗ ‘ಪ್ರಿಸೆಂಟ್’ ಆಗುತ್ತದೆ, ಒತ್ತು ಎರಡನೆಯ ಭಾಗಕ್ಕೆ ಜಾರುತ್ತದೆ. ಶೇಕ್ಸ್‌ಪಿಯರನ ಸಾನೆಟ್ಟಿನ ಸಾಲಿನಲ್ಲಿ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶಗಳು: ಒತ್ತಿಲ್ಲದ್ದು ಒಂದು, ಒತ್ತಿರುವುದು ಒಂದು, ಹೀಗೆ ಐದು ಜೋಡಿ. ಇದನ್ನು ಕಣ್ಣಲ್ಲಿ ಓದಿದರೆ ಹಿಡಿಯಲಾಗದು. ಬಾಯಿಬಿಟ್ಟು ಓದಿ, ತೊಡೆಯ ಮೇಲೆ ತಾಳ ಹಾಕಬೇಕು. ಧ್ವನಿಶಾಸ್ತ್ರದ ಪಾಠದಲ್ಲೂ ಇದೇ ತೊಡಕು ಬರುತ್ತದೆ. ನಮ್ಮ ಲಿಪಿಯಲ್ಲಿ ಬರೆದದ್ದನ್ನೇ ಓದುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು 44 ಧ್ವನಿಗಳನ್ನು ಹೊರಬೇಕು. ಎರಡು ಬೇರೆ ಇಂಗ್ಲಿಷ್ ಧ್ವನಿಗಳನ್ನು ನಾವು ಒಂದೇ ‘ವ’ದಲ್ಲಿ ಮುಗಿಸುತ್ತೇವೆ, ಹಾಗಾಗಿ ಪಶ್ಚಿಮ ದಿಕ್ಕಿನ ‘ವೆಸ್ಟ್’ಗೂ ಒಳ ಅಂಗಿಯ ‘ವೆಸ್ಟ್’ಗೂ ಭೇದವೇ ಉಳಿಯುವುದಿಲ್ಲ. ಮೊದಲನೆಯದಕ್ಕೆ ತುಟಿ ದುಂಡಗಾಗಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡಿಯ ಮುಂದೆ ಒಂದು ವಾರ ಕಷ್ಟಪಟ್ಟರೆ ಸರಿಹೋಗುವಂಥದ್ದು.

ಪದವಿಯನ್ನು ನಿಜವಾಗಿ ಹಾಳುಮಾಡುವುದು ಗೈಡ್. ಮೂಲ ಕೃತಿ ತೆರೆಯದೆ ಸಾರಾಂಶ ಉರುಹೊಡೆದು ಪಾಸಾಗಲು ಸಾಧ್ಯ, ಅದೇ ಅಪಾಯ. ಮೂರು ವರ್ಷವಾದ ಮೇಲೆ ಕೈಯಲ್ಲಿ ಪದವಿ ಇರುತ್ತದೆ, ಗೊತ್ತಿಲ್ಲದ ಒಂದು ಪದ್ಯ ಕೊಟ್ಟರೆ ಒಂದು ಮಾತೂ ಹೊರಡುವುದಿಲ್ಲ. ಹೀಗೆ ಮಾಡಿ: ಮೊದಲು ಮೂಲವನ್ನು ಓದಿ, ತಿಳಿದಷ್ಟನ್ನು ಸ್ವಂತ ಮಾತಿನಲ್ಲಿ ಅರ್ಧ ಪುಟ ಬರೆದಿಡಿ, ಆಮೇಲೆ ಬೇಕಿದ್ದರೆ ಗೈಡ್ ನೋಡಿ. ಉತ್ತರ ಬರೆಯುವಾಗ ನೀವು ಹೇಳುವ ಪ್ರತಿ ಮಾತಿಗೂ ಪಠ್ಯದಿಂದ ಮೂರು ನಾಲ್ಕು ಪದವಾದರೂ ಎತ್ತಿ ತೋರಿಸಿ. ಕನ್ನಡದಲ್ಲಿ ಯೋಚಿಸಿ ಟಿಪ್ಪಣಿ ಮಾಡಿಕೊಂಡರೆ ತಪ್ಪಿಲ್ಲ, ಆದರೆ ಪೂರ್ತಿ ಉತ್ತರವನ್ನು ಕನ್ನಡದಲ್ಲಿ ಬರೆದು ಆಮೇಲೆ ಅನುವಾದಿಸಬೇಡಿ. ವಾಕ್ಯ ಉದ್ದವಾಗಿ ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ ಆಗುತ್ತದೆ. ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲೇ ಶುರುಮಾಡಿ.

ಕೆಲಸದ ವಿಷಯಕ್ಕೆ ಬರೋಣ. ಮನೆಯವರ ಚಿಂತೆ ನ್ಯಾಯವಾದದ್ದು, ಅವರ ಮುಂದೆ ವರ್ಷಗಳ ಲೆಕ್ಕ ಇಡಿ. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್. ಅದರ ಮೇಲೆ ಎರಡು ವರ್ಷದ ಬಿ.ಎಡ್. ಮಾಡಿದರೆ ಐದು ವರ್ಷಕ್ಕೆ ಶಾಲೆಯ ಇಂಗ್ಲಿಷ್ ಶಿಕ್ಷಕಿಯ ದಾರಿ ತೆರೆಯುತ್ತದೆ. 6ರಿಂದ 8ನೆಯ ತರಗತಿಗಾದರೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಬೇಕು. ಪಿಯು ಉಪನ್ಯಾಸಕಿಯಾಗಲು ಎಂ.ಎ.ಯಲ್ಲಿ ಶೇ. 55 ಅಂಕ ಮತ್ತು ಬಿ.ಎಡ್. ಎರಡೂ ಬೇಕು, ಒಟ್ಟು ಏಳು ವರ್ಷ. ಮೀಸಲಾತಿಯ ರಿಯಾಯಿತಿಗಳನ್ನು ಆಯಾ ಅಧಿಸೂಚನೆಯಲ್ಲಿ ನೋಡಿ. ಪದವಿ ಕಾಲೇಜಿಗೆ ಎಂ.ಎ. ಆದಮೇಲೆ ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯ ಮಟ್ಟದ ಕೆ-ಸೆಟ್. ನೆಟ್‌ನಲ್ಲಿ 50 ಮತ್ತು 100 ಪ್ರಶ್ನೆಗಳ ಎರಡು ಪತ್ರಿಕೆ, ಒಟ್ಟು 300 ಅಂಕ, ಮೂರು ಗಂಟೆ. ಬ್ಯಾಂಕು, ಕ್ಲರ್ಕ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ, ಸಾಹಿತ್ಯ ಓದಿದ್ದಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗಳು ಸುಲಭವಾಗುತ್ತವೆ, ಅಷ್ಟೇ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕವಾಗಿ ಬರೆಯಬಹುದು, ಕನ್ನಡ ಸಾಹಿತ್ಯವನ್ನೂ ಬರೆಯಬಹುದು.

ಕನ್ನಡ ಚೆನ್ನಾಗಿ ಬಲ್ಲವರಿಗೆ ಇನ್ನೊಂದು ದಾರಿಯಿದೆ, ಅನುವಾದ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ, ರಾಷ್ಟ್ರೀಯ ಅನುವಾದ ಮಿಷನ್ ನಡೆಯುವುದೂ ಅಲ್ಲಿಂದಲೇ. ಪುಸ್ತಕ ಪ್ರಕಾಶನ, ಸುದ್ದಿಮನೆ, ಉಪಶೀರ್ಷಿಕೆ, ಜಾಲತಾಣ ಎಲ್ಲ ಕಡೆಯೂ ಎರಡೂ ಭಾಷೆಯಲ್ಲಿ ಕೈ ಪಳಗಿದವರು ಬೇಕು. ಆದ್ದರಿಂದ ಐಚ್ಛಿಕ ಇಂಗ್ಲಿಷ್ ಜೊತೆಗೆ ಐಚ್ಛಿಕ ಕನ್ನಡ ಸಿಗುವ ಕಾಂಬಿನೇಷನ್ ಇದ್ದರೆ ಅದನ್ನೇ ತೆಗೆದುಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ. ಒಂದನ್ನು ಓದುವುದರಿಂದ ಇನ್ನೊಂದು ಹರಿತವಾಗುತ್ತದೆ.

ಓದುವುದರ ಜೊತೆಗೆ ಬಿ.ಎಡ್. ಕೂಡ ಮುಗಿಯಬೇಕೆಂದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಬಿ.ಎ.-ಬಿ.ಎಡ್. ಕೋರ್ಸನ್ನು ವಿಚಾರಿಸಿ, ಒಂದು ವರ್ಷ ಉಳಿಯುತ್ತದೆ. ಆ ವರ್ಷದ ಪ್ರಕಟಣೆಯಲ್ಲಿ ಇಂಗ್ಲಿಷ್ ವಿಷಯ ಇದೆಯೇ ನೋಡಿಕೊಳ್ಳಿ. ಅದಕ್ಕೆ ಪ್ರವೇಶ ಪರೀಕ್ಷೆ ಇದೆ. ಪಿಯುಸಿ ಫಲಿತಾಂಶ ಬಂದಮೇಲೆ ನೋಡೋಣ ಎಂದು ಕೂತವರಿಗೆ ಅರ್ಜಿಯ ಗಡುವು ತಪ್ಪಿಹೋಗುವುದುಂಟು. ಈ ವರ್ಷ ತಪ್ಪಿದ್ದರೆ ತಂಗಿಗೋ ತಮ್ಮನಿಗೋ ಈಗಲೇ ಹೇಳಿಡಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಿ ಬರಬೇಡಿ. ಐಚ್ಛಿಕ ಇಂಗ್ಲಿಷ್ ಆರೂ ಸೆಮಿಸ್ಟರಿಗೆ ಇದೆಯೇ ಎಂದು ಕಚೇರಿಯಲ್ಲಿ ಕೇಳಿ, ಏಕೆಂದರೆ ಶಿಕ್ಷಕರ ನೇಮಕಾತಿಯಲ್ಲಿ ಆ ವಿಷಯವನ್ನು ಎಷ್ಟು ವರ್ಷ ಐಚ್ಛಿಕವಾಗಿ ಓದಿದ್ದೀರಿ ಎಂಬುದು ಲೆಕ್ಕಕ್ಕೆ ಬರುತ್ತದೆ. ಕಳೆದ ವರ್ಷ ಆ ಕಾಂಬಿನೇಷನ್ನಿಗೆ ಎಷ್ಟು ಮಂದಿ ಸೇರಿದ್ದರು ಎಂದೂ ಕೇಳಿ. ಬೆರಳೆಣಿಕೆಯಷ್ಟು ಜನ ಮಾತ್ರ ಇದ್ದರೆ ನಡುವೆ ಅದನ್ನು ನಿಲ್ಲಿಸುವ ಅಪಾಯವಿರುತ್ತದೆ. ಪಾಠ ಮಾಡುವವರಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂಬುದೂ ಗೊತ್ತಿರಲಿ. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಹೋಗುತ್ತವೆ. ಕೊನೆಗೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಗೇಟಿನ ಹತ್ತಿರ ನಿಲ್ಲಿಸಿ, ಮೊದಲ ವರ್ಷದಲ್ಲಿ ಇಡಿಯಾಗಿ ಓದಿದ ಪುಸ್ತಕ ಯಾವುದು, ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರೇ ಎಂದು ವಿಚಾರಿಸಿ. ಅವಳು ಪುಸ್ತಕದ ಹೆಸರು ಹೇಳಿ ಕಥೆ ಹೇಳತೊಡಗಿದರೆ ಅಂದೇ ಅರ್ಜಿ ಹಾಕಿ ಬನ್ನಿ.