ಸೂರಿನ ಕೆಳಗೆ ನಿಂತು ನೋಡಿ: ಶಿರಸಿ, ಕಾರವಾರದ ಮಾಡುಗಳ ಟಿಪ್ಪಣಿ

ಹಳೇ ಪೇಟೆಯ ಕಟ್ಟಡ ನೋಡುವಾಗ ನಾವು ಬಾಗಿಲು, ಕಿಟಕಿ, ಬಣ್ಣದಿಂದ ಶುರು ಮಾಡುತ್ತೇವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾಡಿನಿಂದಲೇ, ಅಂದರೆ ಛಾವಣಿಯಿಂದಲೇ ಶುರು ಮಾಡುವುದು ಒಳ್ಳೆಯದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಇಷ್ಟು ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ? ಈ ಒಂದು ಪ್ರಶ್ನೆ ಇಟ್ಟುಕೊಂಡು ಶಿರಸಿಯ ಬಿಡ್ಕಿಬೈಲಿನಲ್ಲಿ ಒಂದು ಸುತ್ತು ಹಾಕಿ. ಕಟ್ಟಡದ ಅರ್ಧ ವಿಷಯ ತಿಳಿಯುತ್ತದೆ.

ದೂರದಿಂದ ನೋಡಿದರೆ ಎಲ್ಲ ಹಂಚಿನ ಮಾಡೂ ಒಂದೇ ತರಹ. ಹಾಗಾಗಿ ಸೂರಿನ, ಅಂದರೆ ಮಾಡಿನ ಹೊರಚಾಚಿದ ಅಂಚಿನ ಕೆಳಗೆ ಹೋಗಿ ತಲೆ ಎತ್ತಿ. ಮರದ ಪಕಾಸು (ಇಳಿಜಾರಾಗಿ ಇಟ್ಟ ತೊಲೆ), ಅದರ ಮೇಲೆ ಅಡ್ಡಡ್ಡ ರೀಪು (ಸಣ್ಣ ಪಟ್ಟಿ), ರೀಪಿಗೆ ಸಿಕ್ಕಿಸಿದ ಹಂಚು ಕಂಡರೆ ಅದು ನಿಜವಾದ ಹಂಚಿನ ಮಾಡು. ಬಿಳಿ ಬಣ್ಣದ ಕಾಂಕ್ರೀಟ್ ಕಂಡರೆ ಅದು ಇಳಿಜಾರಾಗಿ ಹಾಕಿದ ಸ್ಲ್ಯಾಬ್; ಹಂಚು ಬರೀ ಮೇಲಿನ ಹೊದಿಕೆ. ಹೂವಿನ ಚಿತ್ತಾರದ ಚಪ್ಪಟೆ ಹಂಚು ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ಅದು ಸೀಲಿಂಗ್ ಹಂಚು. ಮೇಲಿನ ಹಂಚಿಗೂ ಅದಕ್ಕೂ ನಡುವೆ ಗಾಳಿ ಇರುತ್ತದೆ, ಒಳಗೆ ಸೆಖೆ ಕಡಿಮೆ. ಸೂರಿನ ಅಂಚಿಗೆ ಎಲೆಯ ಆಕಾರದಲ್ಲಿ ಕೊರೆದ ಹಲಗೆ ಇದ್ದರೆ ಅದೂ ಸುಮ್ನೆ ಅಂದಕ್ಕಲ್ಲ. ಪಕಾಸಿನ ತುದಿಗೆ ಮಳೆ ತಾಗದಂತೆ ಅದು ಮುಚ್ಚುತ್ತದೆ, ಚೂಪಾದ ತುದಿಗಳಿಂದ ನೀರು ತೊಟ್ಟಿಕ್ಕಿ ಹೋಗುತ್ತದೆ.

ಈಗ ಹಂಚಿನ ವಿಷಯ. ಅರ್ಧ ಕೊಳವೆಯ ಹಾಗೆ ಬಾಗಿದ, ಕೈಯಲ್ಲಿ ಮಾಡಿದ ನಾಡಹಂಚು ಹಳೆಯದು. ಒಂದನ್ನು ಅಂಗಾತ, ಅದರ ಮೇಲೆ ಇನ್ನೊಂದನ್ನು ಬೋರಲು ಹಾಕುತ್ತಾರೆ. ಒಂದಕ್ಕೊಂದು ಕೊಂಡಿ ಇಲ್ಲ, ಗಾಳಿಗೂ ಮಂಗನ ಓಟಕ್ಕೂ ಸರಿಯುತ್ತದೆ. ಮಂಗಳೂರು ಹಂಚಿನಲ್ಲಿ ಅಂಚಿಗೆ ಕಾಲುವೆಯಂಥ ಗೀರು, ಹಿಂಬದಿಗೆ ರೀಪಿಗೆ ಸಿಗುವ ಮೊಳೆಯಂಥ ಉಬ್ಬು ಇದೆ. ಹಂಚಿಗೆ ಹಂಚು ಕೂಡಿಕೊಳ್ಳುವ ಈ ವಿನ್ಯಾಸ 1841ರಲ್ಲಿ ಫ್ರಾನ್ಸಿನ ಗಿಲಾರ್ಡೋನಿ ಸಹೋದರರದು. ಮಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇದರ ಕಾರ್ಖಾನೆ ಶುರು ಮಾಡಿದರು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಕಾರವಾರದಲ್ಲಿ ಕೆಡವುತ್ತಿದ್ದ ಒಂದು ಮನೆಯ ಹಂಚನ್ನು ಮಗುಚಿ ನೋಡಿದೆ. ಹಿಂಬದಿಯಲ್ಲಿ 1865 ಎಂದಿತ್ತು. ಮನೆಯೂ ಆ ವರ್ಷದ್ದೇ ಎಂದು ಬರೆದುಕೊಂಡೆ. ಆದರೆ ಅದು ಕಾರ್ಖಾನೆ ಶುರುವಾದ ವರ್ಷ. ದಶಕಗಳ ನಂತರ ಬಂದ ಹಂಚಿನಲ್ಲೂ ಅದೇ ಅಚ್ಚು. ಮಂಗಳೂರಿನ ಇನ್ನೊಂದು ಕಾರ್ಖಾನೆ ಆಲ್ಬುಕರ್ಕ್‌ನ ಹಂಚಿನ ಮೇಲಿನ 1868 ಕೂಡ ಹಾಗೆಯೇ. ವರ್ಷಕ್ಕಿಂತ ಹೆಸರನ್ನು ನಂಬಬಹುದು. ಬಾಸೆಲ್ ಮಿಷನ್ ಎಂದಿದ್ದರೆ ಬಹುಮಟ್ಟಿಗೆ ಮೊದಲ ಮಹಾಯುದ್ಧದ ಹಿಂದಿನದು, ಯುದ್ಧದ ನಂತರ ಆ ಕಾರ್ಖಾನೆಗಳನ್ನು ವಹಿಸಿಕೊಂಡ ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ನಂತರದ್ದು. ಅದೂ ಹಂಚಿನ ವಯಸ್ಸು ಮಾತ್ರ. ಹಳೇ ಹಂಚನ್ನು ಹೊಸ ಮನೆಗೆ ಹಾಕುವುದು ನಮ್ಮಲ್ಲಿ ಮಾಮೂಲಿ, ಅಲ್ವಾ?

ಹಂಚಿನ ಹಿಂಬದಿ ನೋಡಲು ಮೇ ತಿಂಗಳೇ ಸರಿ. ಮಳೆಗೆ ಮೊದಲು ಹಂಚು ಕೈಯಾಡಿಸುವಾಗ ಕೆಳಗೆ ಇಳಿಸಿರುತ್ತಾರೆ. ಕೇಳಿಕೊಂಡು ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಗೋಡೆಯ ಬಗ್ಗೆ ಒಂದೇ ಮಾತು. ಕೆಂಪುಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಗಾರೆ ಇಲ್ಲದ ಕೆಂಪುಕಲ್ಲಿನ ಗೋಡೆ ಇರುವಲ್ಲಿ, ಅದಕ್ಕೆ ಮಳೆ ತಾಗದಂತೆ ಸೂರು ಎಷ್ಟು ಮುಂದೆ ಚಾಚಿದೆ ಎಂದು ಅಳೆದು ನೋಡಿ.

ತಾರಸಿ ಮನೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ತಗಡು ಹೊದಿಸಿರುವುದು ಈಗ ಜಾಸ್ತಿ. ಅದನ್ನು ಕುರೂಪ ಎಂದು ಬಿಟ್ಟುಬಿಡಬೇಡಿ. ಸಪಾಟು ತಾರಸಿ ಸೋರಿದಾಗ ಜನ ಮತ್ತೆ ಇಳಿಜಾರಿಗೇ ಬಂದರು ಎನ್ನುವುದಕ್ಕೆ ಅದೇ ಸಾಕ್ಷಿ. ಕಡಲ ಹತ್ತಿರ ಅದರ ಸ್ಕ್ರೂಗಳ ಸುತ್ತ ತುಕ್ಕು ನೋಡಿ. ಉಪ್ಪುಗಾಳಿ ಮೊದಲು ತಿನ್ನುವುದು ಅಲ್ಲಿಯೇ.

ಕೊನೆಗೆ ಭಟ್ಕಳಕ್ಕೆ ಒಂದು ದಿನ ಇಟ್ಟುಕೊಳ್ಳಿ. ಅಲ್ಲಿನ 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನದ ಮಾಡು ಪೂರ್ತಿ ಕಲ್ಲಿನದು. ಆದರೂ ಮರದ ಮನೆಯ ಹಾಗೆ ಇಳಿಜಾರು, ಒಂದರ ಮೇಲೊಂದು ಚಾಚಿದ ಚಪ್ಪಡಿಗಳು. ಅಲ್ಲೂ ಸೂರಿನ ಕೆಳಗೆ ನಿಂತು ತಲೆ ಎತ್ತಿ. ಕಲ್ಲುಕುಟಿಗರು ಬಡಗಿಯ ಕೆಲಸವನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂದು ಅಲ್ಲಿ ಕಾಣುತ್ತದೆ.