ಕೋವಿಯ ಹಿಡಿಗೆ ಕೊಂಬಿನ ಕ್ಯಾಪ್: ಮಳೆಗಾಲದಲ್ಲೂ ಬಿಡದ ಹಾಗೆ ಕೂರಿಸುವುದು

ಕೋವಿಯ ಹಿಡಿಯ ತುದಿ ಮುಚ್ಚುವ ಕೊಂಬಿನ ಬಿಲ್ಲೆ, ಅಂದರೆ ಗ್ರಿಪ್ ಕ್ಯಾಪ್, ಬಿಟ್ಟುಕೊಂಡಿದೆ, ಅಂಚಿನಲ್ಲಿ ಗೆರೆ ಬಿದ್ದಿದೆ ಎಂಬ ದೂರು ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಬರುವುದು ಆಟಿ (ಜುಲೈ–ಆಗಸ್ಟ್‌ನ ಮಳೆಯ ತಿಂಗಳು) ಕಳೆದ ಮೇಲೆ. ಎಲ್ಲರೂ ಬೈಯುವುದು ಗೋಂದನ್ನು. ಆದರೆ ಗೋಂದಿನ ತಪ್ಪು ಇರುವುದು ಕಡಿಮೆ. ಕೊಂಬು ಎಂದರೆ ಕೆರಟಿನ್, ನಮ್ಮ ಉಗುರಿನಲ್ಲಿರುವ ವಸ್ತುವೇ. ಮರದ ಹಾಗೆ ಅದೂ ತೇವ ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮರ ಒಂದು ಹದದಲ್ಲಿ, ಕೊಂಬು ಇನ್ನೊಂದು ಹದದಲ್ಲಿ ಇರುವಾಗ ಎರಡನ್ನೂ ಅಂಟಿಸಿ ಉಜ್ಜಿ ಸಮ ಮಾಡಿದರೆ ಆ ಸಮ ಒಂದು ಮಳೆಗಾಲವೂ ಬಾಳುವುದಿಲ್ಲ.

ಕ್ಯಾಪ್ ಬರೀ ಅಲಂಕಾರ ಎನ್ನುವವರಿದ್ದಾರೆ. ಪಿಸ್ತೂಲ್ ಗ್ರಿಪ್, ಅಂದರೆ ಪಿಸ್ತೂಲಿನ ಹಾಗೆ ಕೆಳಕ್ಕೆ ಬಾಗಿದ ಹಿಡಿ, ಇರುವ ಕೋವಿಯ ಮರದ ಭಾಗವಾದ ಸ್ಟಾಕ್‌ನಲ್ಲಿ ಹಿಡಿಯ ತುದಿಯನ್ನು ಮರದ ಎಳೆಗೆ ಅಡ್ಡವಾಗಿ ಕೊಯ್ದಿರುತ್ತಾರೆ. ಮರ ಅತಿ ಬೇಗ ನೀರು ಎಳೆದುಕೊಳ್ಳುವುದೂ, ತಾಗಿದರೆ ಚಕ್ಕೆ ಏಳುವುದೂ ಅಲ್ಲಿಯೇ. ಆ ಮುಖವನ್ನು ಮುಚ್ಚುವುದು ಕ್ಯಾಪಿನ ಕೆಲಸ. ಹಿಡಿ ನೇರವಾಗಿರುವ ಹಳೆಯ ಕೇಪಿನ (ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ) ಕೋವಿಗಳಿಗೆ ಇದರ ಅಗತ್ಯವೇ ಇಲ್ಲ. ಚಂದಕ್ಕೆಂದು ಅವುಗಳ ಮರ ಕೊರೆಯುವುದು ಬೇಡ.

ಮೊದಲು ಕೊಂಬು. ಎಮ್ಮೆ ಅಥವಾ ಕೋಣದ ಕೊಂಬಿನ ಗಟ್ಟಿ ತುದಿ ಮಾತ್ರ ಇದಕ್ಕೆ ಯೋಗ್ಯ. ಬುಡದ ಕಡೆ ಕೊಂಬು ಟೊಳ್ಳು, ಒಳಗೆ ಎಲುಬಿನ ತಿರುಳು ಇರುತ್ತದೆ. ಟೊಳ್ಳು ಭಾಗವನ್ನು ಬಿಸಿ ಮಾಡಿ ಒತ್ತಿ ಚಪ್ಪಟೆ ಮಾಡಿದ ಹಲಗೆಗಳು ಅಗ್ಗದಲ್ಲಿ ಸಿಗುತ್ತವೆ. ಬಾಚಣಿಗೆಗೆ ಅವು ಸಾಕು, ಕ್ಯಾಪಿಗೆ ಬೇಡ. ಬಿಸಿಗೆ ಬಾಗಿದ ಕೊಂಬು ಮತ್ತೆ ಬಿಸಿ, ತೇವ ತಾಗಿದಾಗ ಹಳೆಯ ಬಾಗಿಗೆ ಮರಳಲು ನೋಡುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕೋವಿ ಇದ್ದರೆ ಅಷ್ಟೇ ಸಾಕು. ಇನ್ನು ಕಂಬಳದ ಕೋಣ ಸತ್ತರೆ ಮನೆಯವರು ಮರ್ಯಾದೆಯಿಂದ ಮಣ್ಣು ಮಾಡುತ್ತಾರೆ, ಅಲ್ಲಿ ಕೊಂಬು ಕೇಳಲು ಹೋಗಬೇಡಿ. ಕಾಟಿ (ಕಾಡುಕೋಣ), ಕಡವೆ, ಜಿಂಕೆಯ ಕೊಂಬಿನ ಮಾತೇ ಬೇಡ. ಕಾಡಿನಲ್ಲಿ ಉದುರಿ ಬಿದ್ದದ್ದನ್ನು ಹೆಕ್ಕಿ ತಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸಾಗುತ್ತದೆ.

ತುದಿಯನ್ನು ಉದ್ದಕ್ಕೆ ಸೀಳಿ 9–10 ಮಿ.ಮೀ. ದಪ್ಪದ ತುಂಡು ತೆಗೆಯಿರಿ. ಮುಗಿದ ಕ್ಯಾಪ್ ನಡುವಿನಲ್ಲಿ 5–6 ಮಿ.ಮೀ. ಇದ್ದರೆ ಚೆಂದ; ಆಚಾರಿಗಳ ಲೆಕ್ಕದಲ್ಲಿ ಎರಡು ನೂಲಿನ (ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ) ಒಳಗೆ. ಅಂಚಿನಲ್ಲಿ 2–3 ಮಿ.ಮೀ. ಸಾಕು. ಕೊಯ್ದ ತುಂಡಿಗೆ ಸ್ಪಿರಿಟ್ ಒರೆಸಿ ನೋಡಿ. ಮೇಲ್ಮೈ ಒಣಗಿದ ಮೇಲೂ ಎಲ್ಲಾದರೂ ಕೂದಲೆಳೆಯಷ್ಟು ಒದ್ದೆ ಗೆರೆ ಉಳಿದರೆ ಅಲ್ಲಿ ಬಿರುಕಿದೆ. ಕೊಂಬು ಪದರ ಪದರವಾಗಿ ಬೆಳೆಯುವ ವಸ್ತು, ಅಂಥ ಬಿರುಕು ಮುಂದೆ ಪದರದ ಗುಂಟ ಓಡುತ್ತದೆ. ತುಂಡನ್ನು ಪಕ್ಕಕ್ಕೆ ಇಡಿ.

ಒಳ್ಳೆಯ ತುಂಡನ್ನು ಕೂಡಲೇ ಉಪಯೋಗಿಸಬೇಡಿ. ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ, ತೂಕವನ್ನು ತುಂಡಿನ ಮೇಲೆಯೇ ಬರೆದು, ಸ್ಟಾಕ್ ಇರುವ ಕೋಣೆಯಲ್ಲೇ ಇಡಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು. ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಕಾದ ಏಪ್ರಿಲ್ ಕೂಡ ಬೇಡ. ಮಳೆ ನಿಂತು ಮರ ಸ್ವಲ್ಪ ಆರಿದ ನವೆಂಬರ್, ಡಿಸೆಂಬರ್ ಹೊತ್ತಿಗೆ ಮರವೂ ಕೊಂಬೂ ನಡು ಹದದಲ್ಲಿರುತ್ತವೆ. ಆಗ ಕೂರಿಸಿದರೆ ಮುಂದೆ ಎರಡು ಕಡೆಗೂ ಆಗುವ ಏರುಪೇರು ಕಡಿಮೆ.

ಸ್ಟಾಕ್ ಮುಟ್ಟುವ ಮೊದಲು ಕೋವಿ ಖಾಲಿ ಇದೆಯೇ ಎಂದು ಮುರಿದು (ನಳಿಗೆ ಬಾಗಿಸಿ ತೆರೆದು) ಕಣ್ಣಾರೆ ನೋಡಿ, ನಳಿಗೆ ಬಿಚ್ಚಿ ಬೇರೆ ಇಡಬೇಕು. ಕೋವಿ ರಿಪೇರಿಗೆ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು. ಹಾಗಾಗಿ ಮಾಲೀಕರು ಇದನ್ನು ಓದಿ ಪಕ್ಕದ ಮನೆಯ ಆಚಾರಿಗೆ ಕೋವಿ ಕೊಟ್ಟು ಬರುವಂತಿಲ್ಲ.

ಹಿಡಿಯ ಮುಖವನ್ನು ಸಪಾಟು ಮಾಡುವಲ್ಲಿಯೇ ಅರ್ಧ ಕೆಲಸ ಇದೆ. ಗಾಜಿನ ಮೇಲೆ ಪಾಲಿಶ್ ಪೇಪರ್ ಇಟ್ಟು ಹಿಡಿಯನ್ನು ಉಜ್ಜಿದರೆ ಕೈ ಓಲಾಡಿ ಮುಖ ಉಬ್ಬುತ್ತದೆ. ನಡು ಎತ್ತರ, ಅಂಚು ತಗ್ಗು. ಕ್ಯಾಪ್ ಇಟ್ಟರೆ ಸುತ್ತಲೂ ಸಂದು. ಅದಕ್ಕೆ ಬದಲಾಗಿ ಹರಿತವಾದ ಅಗಲ ಉಳಿಯಿಂದ ಅಂಚಿನಿಂದ ನಡುವಿಗೆ ಸವರಿ. ನಡುವಿನಿಂದ ಹೊರಕ್ಕೆ ಸವರಿದರೆ ಅಂಚು ಚಕ್ಕೆ ಏಳುತ್ತದೆ. ಕೊಂಬಿನ ಅಡಿಯನ್ನು ಮಾತ್ರ ಗಾಜಿನ ಮೇಲೆ 120ರ ಪೇಪರಿನಲ್ಲಿ ಉಜ್ಜಿ ಸಪಾಟು ಮಾಡಬಹುದು. ಬಳಿಕ ಅದಕ್ಕೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಮರದ ಮುಖಕ್ಕೆ ಒತ್ತಿ ತೆಗೆಯಿರಿ. ಮಸಿ ತಾಗಿದಲ್ಲಿ ಮಾತ್ರ ಕೆರೆಯಬೇಕು. ಅಂಚಿನ ಸುತ್ತ 4–5 ಮಿ.ಮೀ. ಅಗಲಕ್ಕೆ ಮಸಿ ಪೂರ್ತಿ ಬೀಳುವವರೆಗೆ ಇದನ್ನೇ ಮಾಡುತ್ತಿರಿ. ನಡುವಿನ ಭಾಗ ಒಂದು ಕಾಗದದಷ್ಟು ತಗ್ಗಿದ್ದರೆ ಒಳ್ಳೆಯದೇ, ಸ್ಕ್ರೂ ಬಿಗಿದಾಗ ಅಂಚು ಒತ್ತಿಕೊಂಡು ಕೂರುತ್ತದೆ, ಗೋಂದಿಗೂ ಜಾಗ ಸಿಗುತ್ತದೆ. ಅಂಟಿಸುವ ಮೊದಲು ಮಸಿಯ ಎಣ್ಣೆಯನ್ನು ಚೆನ್ನಾಗಿ ತೆಗೆಯಬೇಕು.

ಸ್ಕ್ರೂ ಒಂದೇ, ನಡುವಿನಲ್ಲಿ, 6 ನಂಬರಿನದು, ಒಂದು ಇಂಚು ಉದ್ದ. ಕೊಂಬಿನಲ್ಲಿ 3.8 ಮಿ.ಮೀ. ತೂತು, ಮರದಲ್ಲಿ 2.5 ಮಿ.ಮೀ. ಕೊಂಬಿನ ತೂತು ಸ್ಕ್ರೂಗೆ ಬಿಗಿಯಾಗಿರಬಾರದು. ಹೆಚ್ಚಿನ ಕ್ಯಾಪ್‌ಗಳು ಸೀಳುವುದು ಇಲ್ಲಿಯೇ. ಸ್ಕ್ರೂವಿನ ಇಳಿಜಾರು ತಲೆ ಬೆಣೆಯ ಹಾಗೆ ಒತ್ತಿ, ತೂತಿನಿಂದ ಅಂಚಿನವರೆಗೆ ಪದರ ಬಿಡಿಸುತ್ತದೆ. ತಲೆಯ ಗುಂಡಿಯನ್ನು ಸ್ವಲ್ಪ ಸಡಿಲ ಬಿಡಿ. ಕಬ್ಬಿಣದ ಸ್ಕ್ರೂ ಈ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿದು ಮರವನ್ನೂ ಕಪ್ಪಾಗಿಸುತ್ತದೆ. ಹಿತ್ತಾಳೆ ಒಳ್ಳೆಯದು, ಆದರೆ ಬೀಟೆಯಂಥ ಗಟ್ಟಿ ಮರದಲ್ಲಿ ಕುತ್ತಿಗೆ ಮುರಿಯುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ಮರದಲ್ಲಿ ಮರೆ (ಸ್ಕ್ರೂವಿನ ಸುರುಳಿ ಗೆರೆ) ಬೀಳಿಸಿ, ಅದನ್ನು ತೆಗೆದು, ಮೇಣ ಸವರಿದ ಹಿತ್ತಾಳೆಯದನ್ನು ಹಾಕಿ. ಒಂದೇ ಸ್ಕ್ರೂ ಇದ್ದರೆ ಕ್ಯಾಪ್ ತಿರುಗುವ ಭಯ ಇದೆ. ಹಿಂದೆ ಮುಂದೆ ಎರಡು 3 ಮಿ.ಮೀ. ಹಿತ್ತಾಳೆ ಪಿನ್‌ಗಳನ್ನು ಮರದಲ್ಲಿ ಕೂರಿಸಿ, ಕೊಂಬಿನ ಅಡಿಯಲ್ಲಿ 3 ಮಿ.ಮೀ. ಆಳದ ಕುರುಡು ತೂತು (ಆಚೆ ಬದಿಗೆ ತೂರದ್ದು) ಕೊಟ್ಟರೆ ಆ ಚಿಂತೆ ಇಲ್ಲ.

ಅಂಟಿಸದೆಯೇ ಬಿಗಿದು, ಹಿಡಿಯ ಅಂಚನ್ನು ಕೊಂಬಿನ ಮೇಲೆ ಸೂಜಿಮೊನೆಯಿಂದ ಗೀರಿ, ಬಿಚ್ಚಿ, ಗೆರೆಯಿಂದ 1 ಮಿ.ಮೀ. ಹೊರಗೆ ಕೊಯ್ಯಿರಿ. ಈಗ ಗೋಂದು. ನಿಧಾನ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು. ಮರಕ್ಕೆ ಹಾಕುವ ಬಿಳಿ ಗೋಂದು ಕೊಂಬನ್ನು ಹಿಡಿಯುವುದಿಲ್ಲ, ಕ್ಷಣದಲ್ಲಿ ಅಂಟುವ ಗೋಂದು ಗುಂಡು ಹಾರಿದ ಹೊಡೆತಕ್ಕೆ ಒಡೆಯುತ್ತದೆ. ಕೊಂಬಿನ ಅಡಿಯನ್ನು 80ರ ಪೇಪರಿನಲ್ಲಿ ಒರಟು ಮಾಡಿ ಅಸಿಟೋನ್‌ನಲ್ಲಿ ಒರೆಸಿ. ಸಾಗುವಾನಿ, ಬೀಟೆಗಳಲ್ಲಿ ಎಣ್ಣೆಯಂಶ ಇರುವುದರಿಂದ ಮರವನ್ನೂ ಒರೆಸಿ, ಒಣಗಿದ ಕೂಡಲೇ ಅಂಟಿಸಬೇಕು. ಬಿಟ್ಟರೆ ಎಣ್ಣೆ ಪುನಃ ಮೇಲೆ ಬರುತ್ತದೆ. ಸ್ಕ್ರೂವನ್ನು ಹಿತವಾಗಿ ಬಿಗಿದು, ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ. ತೀರಾ ಬಿಗಿದರೆ ಗೋಂದೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. 24 ಗಂಟೆ ಮುಟ್ಟಬೇಡಿ.

ಆಕಾರ ಕೊಡುವಾಗ ಮರದ ಅಂಚಿಗೆ ಎರಡು ಸುತ್ತು ಟೇಪ್ ಹಾಕಿ, ಅರ ಟೇಪನ್ನು ತಾಗುವವರೆಗೆ ಕೊಂಬನ್ನು ಇಳಿಸಿ. ಅರವನ್ನು ಯಾವಾಗಲೂ ಕೊಂಬಿನಿಂದ ಮರದ ಕಡೆಗೆ ಒತ್ತಿ, ಪದರ ಏಳುವುದಿಲ್ಲ. ಮೇಲಿನ ಉಬ್ಬಿಗೆ ಬಿಳಿ ಪೆನ್ಸಿಲಿನಿಂದ ನಡುಗೆರೆ ಎಳೆದು, ಮೊದಲು ನಾಲ್ಕು ಇಳಿಜಾರು, ಅವುಗಳ ಏಣು ತೆಗೆದು ಎಂಟು, ಆಮೇಲೆ ದುಂಡು. ಕಣ್ಣಂದಾಜಿನಲ್ಲಿ ನೇರ ದುಂಡು ಮಾಡಲು ಹೋದರೆ ಒಂದು ಬದಿ ವಾಲುತ್ತದೆ. ಬೆಲ್ಟ್ ಸ್ಯಾಂಡರ್ ಬೇಡ. ಕೂದಲು ಸುಟ್ಟ ವಾಸನೆ ಬಂತೆಂದರೆ ಮೇಲ್ಮೈ ಸುಟ್ಟಿದೆ, ಅಲ್ಲಿ ಪಾಲಿಶ್ ಏರುವುದಿಲ್ಲ, ಸಣ್ಣ ಬಿರುಕೂ ಬರುತ್ತದೆ. ಕೊಂಬಿನ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ.

ಟೇಪ್ ತೆಗೆದ ಮೇಲಿನ ಕೊನೆಯ ಉಜ್ಜಾಟದಲ್ಲಿ ಪೇಪರಿನ ಹಿಂದೆ ಗಟ್ಟಿ ಮರದ ತುಂಡು ಇರಲಿ. ಬೆರಳಿನಿಂದ ಉಜ್ಜಿದರೆ ಮೆದು ಮರ ಮೊದಲು ಸವೆದು, ಕೊಂಬು ಮೆಟ್ಟಿಲಿನ ಹಾಗೆ ಉಳಿಯುತ್ತದೆ. 240, 320, 400 ಆದ ಮೇಲೆ ಕೊಂಬಿಗೆ ಮಾತ್ರ 800, 1200, ಬಳಿಕ ಲೋಹದ ಪಾಲಿಶ್. ಅಂಚನ್ನು ಚೂಪಾಗಿ ಬಿಡದೆ ತುಸು ಮೊಂಡು ಮಾಡಿ. ಕಾಲು ಮಿಲಿಮೀಟರ್ ಏರುಪೇರಾದರೂ ಚೂಪು ಅಂಚು ಉಗುರಿಗೆ ಸಿಗುತ್ತದೆ, ಮೊಂಡು ಅಂಚಿನಲ್ಲಿ ಅದು ಮರೆಯಾಗುತ್ತದೆ. ನಡುವೆ ಬಿಳಿ ಪ್ಲಾಸ್ಟಿಕ್ ಗೆರೆ ಇಡಿ ಎಂದು ಕೇಳುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಒಂದು ಸಂದು ಇರುವಲ್ಲಿ ಎರಡಾಗುತ್ತದೆ.

ಮರಕ್ಕೆ ಅಗಸೆ ಎಣ್ಣೆ, ಕೊಂಬಿಗೆ ಮೇಣ. ತೆಂಗಿನೆಣ್ಣೆ ಹಚ್ಚಬೇಡಿ, ಅದು ಒಣಗುವುದಿಲ್ಲ, ಧೂಳು ಹಿಡಿದು ಕಮಟುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಬರುವುದಲ್ಲದೆ, ಕೊಂಬು ತಿನ್ನುವ ಹುಳವೂ ಸೇರುತ್ತದೆ. ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ ಕೋವಿ ವಾಪಸು ಬಂದಾಗ ನಳಿಗೆಯ ತುಕ್ಕನ್ನು ಎಲ್ಲರೂ ನೋಡುತ್ತಾರೆ. ಕ್ಯಾಪಿನ ಅಂಚಿನಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಇದೆಯೇ ಎಂದೂ ನೋಡಿ. ಇದ್ದರೆ ಕ್ಯಾಪ್ ತೆಗೆಯಲೇಬೇಕು. ಉಳಿ ತೂರಿಸಿ ಎಬ್ಬಿಸಿದರೆ ಮರದ ಅಂಚು ಹೋಗುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ಸ್ಕ್ರೂವಿನ ತಲೆಗೆ ಸ್ವಲ್ಪ ಹೊತ್ತು ಇಟ್ಟು ಎಪಾಕ್ಸಿ ಮೆದುವಾದ ಮೇಲೆ ಸ್ಕ್ರೂ ತಿರುಗಿಸಿ ತೆಗೆದು, ತೆಳು ಬ್ಲೇಡನ್ನು ಹಿಂದಿನ ಅಂಚಿನಿಂದ ನಿಧಾನವಾಗಿ ನುಗ್ಗಿಸಿ.